ಎಂಬತ್ತೊಂದು ದಿನದ ಮೂಲಪುರುಷ

ನದೀಮೂಲ, ಋಷಿಮೂಲ ಹುಡುಕಬಾರದು ಎಂಬ ಮಾತು ಓಕ್ಸಲ್ ಎಂಬ ಹಳ್ಳಿಯವರೆಗೆ ತಲುಪಿರಲಿಲ್ಲ. ತಲುಪಿದ್ದರೂ ಹೊರೇಸ್ ಟಾರ್ವೆಲ್ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಪೇಟೆಯ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ನಲವತ್ತು ವರ್ಷ ತಿರುಪುಮೊಳೆಗಳನ್ನು ಎಣಿಸಿ ಪೊಟ್ಟಣ ಕಟ್ಟಿ ನಿವೃತ್ತನಾಗಿದ್ದ ಈ ಮನುಷ್ಯನಿಗೆ ಲೋಕದಲ್ಲಿ ಎರಡೇ ಆಸೆಗಳಿದ್ದವು. ಒಂದು, ತಾನು ಬೆಳೆಸಿದ ಕೋಸಿಗೆ ಬಸವನಹುಳು ಹತ್ತಬಾರದು. ಇನ್ನೊಂದು, ಗುಡ್ಡದ ಮೇಲಿನ ಬಂಗಲೆಯ ಟಾರ್ವೆಲ್ ಮನೆತನದ ರಕ್ತವೇ ತನ್ನ ಮೈಯಲ್ಲೂ ಹರಿಯುತ್ತಿದೆ ಎಂದು ಊರು ಒಪ್ಪಬೇಕು. ಮೊದಲನೆಯದು ಕೈಗೂಡುವಂಥದ್ದಲ್ಲ ಎಂದು ಅವನಿಗೂ ಗೊತ್ತಿತ್ತು.

ಬಂಗಲೆಯವರೂ ಟಾರ್ವೆಲ್, ತಾನೂ ಟಾರ್ವೆಲ್. ಒಂದೇ ಊರಿನ ಇಬ್ಬರಿಗೆ ಒಂದೇ ಮನೆತನದ ಹೆಸರು ಸುಮ್ಮಸುಮ್ಮನೆ ಬರುತ್ತದೆಯೇ ಎಂಬುದು ಅವನ ವಾದ. ಒಮ್ಮೆ ಧೈರ್ಯ ಮಾಡಿ, ಆ ಮನೆತನದ ಕೊನೆಯ ಕುಡಿಯಾದ ಮಿಸ್ ಒಕ್ಟೇವಿಯಾ ಟಾರ್ವೆಲ್ ಅವರ ಮುಂದೆ ನಿಂತು ತನ್ನ ಹೆಸರನ್ನು ಒತ್ತಿ ಒತ್ತಿ ಹೇಳಿದ್ದ. ಆಕೆ ಕನ್ನಡಕ ಏರಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚರಂಡಿ ರಿಪೇರಿಗೆ ಬಂದವನು ಹಿಂಬಾಗಿಲಿಗೆ ಹೋಗಬೇಕು ಎಂದಿದ್ದರು. ಹೋಗಿ ನೋಡಿದರೆ ಚರಂಡಿ ನಿಜಕ್ಕೂ ಕಟ್ಟಿಕೊಂಡಿತ್ತು. ಹೊರೇಸ್ ಅದನ್ನು ಸರಿಮಾಡಿಯೇ ಮನೆಗೆ ಬಂದ. ಸ್ವಂತದವರ ಮನೆಯ ಚರಂಡಿ ಅಲ್ಲವೇ ಎಂದು ಹೆಂಡತಿಗೆ ಹೇಳಿಕೊಂಡ.

ಹೆಂಡತಿ ವಿನಿಗೆ ಈ ಮನೆತನದ ಪರಿಚಯ ಆದದ್ದು ಕಾಲಿನ ಮೂಲಕ. ಹೊರೇಸ್ ಟಾರ್ವೆಲ್ ವಂಶವೃಕ್ಷವನ್ನು ಬರೆದಿದ್ದು ಗೋಡೆಗೆ ಅಂಟಿಸಿ ಉಳಿದ ಗುಲಾಬಿ ಹೂವಿನ ಕಾಗದದ ಸುರುಳಿಯ ಹಿಂಬದಿಯಲ್ಲಿ. ಅದನ್ನು ಬಿಚ್ಚಿ ಹಾಸಿದರೆ ಮುಂದಿನ ಕೋಣೆಯ ಕಿಟಕಿಯ ಬಳಿ ಸರ್ ಜರ್ವೇಸ್ ಹುಟ್ಟುತ್ತಿದ್ದ. ನಡುಮನೆಯಲ್ಲಿ ನಾಲ್ಕು ತಲೆಮಾರು ಮದುವೆಯಾಗಿ ಸಾಯುತ್ತಿದ್ದವು. ಹೊರೇಸ್ ಹುಟ್ಟುವ ಹೊತ್ತಿಗೆ ಅಡುಗೆಮನೆಯ ಒಲೆ ಬರುತ್ತಿತ್ತು. ಟೀ ಕಾಯಿಸಲು ಹೋಗುವಾಗೆಲ್ಲ ವಿನಿ ನೂರಿಪ್ಪತ್ತು ವರ್ಷಗಳನ್ನು ದಾಟಬೇಕಾಗಿತ್ತು. ಮೂವತ್ತೆಂಟು ವರ್ಷದ ದಾಂಪತ್ಯದಲ್ಲಿ ಇಪ್ಪತ್ತು ವರ್ಷ ಹೀಗೆ ದಾಟಿದರೂ ಆಕೆ ಒಂದು ಹನಿ ಟೀಯನ್ನೂ ಟಾರ್ವೆಲ್‌ಗಳ ಮೇಲೆ ಚೆಲ್ಲಿರಲಿಲ್ಲ. ಆ ಪಟದಲ್ಲಿ ಗಂಡುಮಕ್ಕಳ ಹೆಸರಿನ ಕೆಳಗೆ ಉದ್ದನೆಯ ಗೆರೆ, ಹೆಣ್ಣುಮಕ್ಕಳ ಹೆಸರಿನ ಕೆಳಗೆ ಉಗುರಿನಷ್ಟು ಅಡ್ಡಗೀಟು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಹೆಸರಿಗೆ ಹೋದರು, ಅಲ್ಲಿಗೆ ಕಥೆ ಮುಗಿಯಿತು ಎಂದು ಅದರರ್ಥ. ಅಂಥ ಮೂವತ್ತೊಂದು ಗೀಟುಗಳಿದ್ದವು. ವಿನಿಯ ತವರಾದ ಸ್ನೆಲ್ ಮನೆತನದ ಪ್ರಸ್ತಾಪವೇ ಪಟದಲ್ಲಿರಲಿಲ್ಲ. ಅವರು ತಲೆತಲಾಂತರದಿಂದ ಹಂದಿ ವ್ಯಾಪಾರದವರು; ವಂಶವೃಕ್ಷ ಬೇಕಿದ್ದರೆ ಅವರ ಹಂದಿಗಳಿಗೇ ಇದೆ, ಅವರಿಗಿಲ್ಲ ಎಂದು ಹೊರೇಸ್ ಹೇಳುವುದಿತ್ತು.

ಊರಿನವರು ಅವನನ್ನು ‘ದೊರೆ’ ಎಂದು ಕರೆಯುತ್ತಿದ್ದರು. ಈ ಬಿರುದು ದಯಪಾಲಿಸಿದವನು ರೆಗ್ ಡಗ್ಮೋರ್. ಊರ ತರಕಾರಿ ತೋಟದಲ್ಲಿ ಹೊರೇಸನ ಪಕ್ಕದ ಪಟ್ಟಿ ಅವನದು. ಮಗುವಿನ ತಲೆಯಷ್ಟು ದಪ್ಪನೆಯ ಈರುಳ್ಳಿ ಬೆಳೆಯುತ್ತಿದ್ದ. ನಾಲಿಗೆಯೂ ಅಷ್ಟೇ ಖಾರ. ಹೊರೇಸ್ ಸಗಣಿಗೊಬ್ಬರದ ತಳ್ಳುಗಾಡಿ ನೂಕಿಕೊಂಡು ಬಂದರೆ, ದೊರೆಗಳ ಸಾರೋಟು ಬಂತು ಎಂದು ಟೋಪಿ ತೆಗೆದು ಬಗ್ಗುತ್ತಿದ್ದ.

ಈ ತರಕಾರಿ ತೋಟದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಚರ್ಚಿನ ಹಿಂದಿನ ಆರು ಎಕರೆ, ನಲವತ್ತೆರಡು ಪಟ್ಟಿ, ಪಟ್ಟಿಗೊಂದು ಮುರುಕು ಗುಡಿಸಲು, ಗುಡಿಸಲಿಗೊಬ್ಬ ಮುದುಕ. ಸಾವಿರದ ಆರುನೂರ ತೊಂಬತ್ತೆಂಟರಲ್ಲಿ ಸರ್ ಜರ್ವೇಸ್ ಟಾರ್ವೆಲ್ ಅದನ್ನು ಊರಿಗೆ ಬಿಟ್ಟುಕೊಟ್ಟಿದ್ದ. ಪ್ರತಿಯಾಗಿ ವರ್ಷಕ್ಕೊಮ್ಮೆ, ನಡುಬೇಸಿಗೆಯ ದಿನ, ಅಂದರೆ ಜೂನ್ ಇಪ್ಪತ್ತನಾಲ್ಕರ ಮಧ್ಯಾಹ್ನ ಹನ್ನೆರಡರೊಳಗೆ, ಊರಿನ ಪರವಾಗಿ ಒಬ್ಬ ಬರಿತಲೆಯಲ್ಲಿ ಮೊಣಕಾಲೂರಿ, ಎರಡು ಕೈ ತುಂಬುವ ಒಂದು ಕೋಸನ್ನು ಗಡಿಕಲ್ಲಿನ ಮೇಲೆ ನಿಂತ ಟಾರ್ವೆಲ್ ರಕ್ತದವರ ಕೈಗೆ ಒಪ್ಪಿಸಬೇಕು. ತೆಗೆದುಕೊಂಡವರು ಅದರ ಒಂದೆಲೆಯನ್ನು ಅಲ್ಲಿಯೇ ಹಸಿಯಾಗಿ ತಿನ್ನಬೇಕು. ಮಿಸ್ ಒಕ್ಟೇವಿಯಾ ನಲವತ್ತು ವರ್ಷ ಆ ಎಲೆಯನ್ನು ಔಷಧಿ ಕುಡಿಯುವ ಮುಖ ಮಾಡಿ ತಿಂದಿದ್ದರು. ಮೊಣಕಾಲೂರುತ್ತಿದ್ದವನು ತೋಟದ ಸಂಘದ ಕಾರ್ಯದರ್ಶಿ, ಅಂದರೆ ಹೊರೇಸ್. ಪ್ರತಿಸಲ ಮಂಡಿಯೂರಿದಾಗಲೂ, ತಾನು ಇರಬೇಕಾದದ್ದು ಕಲ್ಲಿನ ಮೇಲೆ, ಕೆಳಗಲ್ಲ ಎಂದು ಅವನಿಗನ್ನಿಸುತ್ತಿತ್ತು.

ಆ ವರ್ಷ ಫೆಬ್ರವರಿಯಲ್ಲಿ ಮಿಸ್ ಒಕ್ಟೇವಿಯಾ ತೀರಿಕೊಂಡರು. ಬಂಗಲೆ ಮತ್ತು ಅದರ ಭೂಮಿಯನ್ನು ದೂರದ ಕಂಪನಿಯೊಂದು ಕೊಂಡಿತು. ಏಪ್ರಿಲ್‌ನಲ್ಲಿ ಆಸ್ತಿಯ ವಕೀಲ ಕ್ವಿಲ್ಟರ್ ಅವರಿಂದ ಸಂಘಕ್ಕೆ ಒಂದು ಕಾಗದ ಬಂತು. ಕ್ವಿಲ್ಟರ್ ಕಡ್ಡಿಯಂಥ ಮುದುಕ. ಅಕ್ಷರದಲ್ಲಿ ಬರೆದದ್ದು ಬಿಟ್ಟರೆ ಲೋಕದಲ್ಲಿ ಬೇರೇನೂ ಇಲ್ಲವೆಂದು ನಂಬಿದವರು. ಹಳೆಯ ಪತ್ರದ ಪ್ರಕಾರ ಒಂದು ವರ್ಷ ಕೋಸು ಒಪ್ಪಿಸುವುದು ತಪ್ಪಿದರೂ ನೆಲ ಬಂಗಲೆಗೆ ವಾಪಸು ಹೋಗುತ್ತದೆ. ಕೋಸು ತೆಗೆದುಕೊಳ್ಳಲು ಟಾರ್ವೆಲ್ ರಕ್ತದವರು ಯಾರೂ ಉಳಿದಂತಿಲ್ಲ. ಕಂಪನಿಯವರಿಗೆ ಅಲ್ಲಿ ನಲವತ್ತೆಂಟು ಮನೆ ಕಟ್ಟುವ ಮನಸ್ಸಿದೆ. ಕಾಗದದಲ್ಲಿದ್ದದ್ದು ಇಷ್ಟು. ಕೊನೆಯಲ್ಲಿ ಹವಾಮಾನದ ಬಗ್ಗೆ ಒಂದು ಒಳ್ಳೆಯ ಮಾತೂ ಇತ್ತು.

‘ಕುಂಟ ಬಾತು’ ಪಬ್ಬಿನಲ್ಲಿ ಸಭೆ ಸೇರಿತು. ನಲವತ್ತೆರಡು ಮಂದಿ ಗ್ಲಾಸಿನೊಳಗೆ ನೋಡುತ್ತ ಕುಳಿತರು. ಗಂಡ ಸತ್ತ ಮೇಲೆ ಆ ಪಟ್ಟಿಯ ಬಟಾಣಿ ಬಳ್ಳಿಗಳ ಜೊತೆ ಮಾತಾಡಿಕೊಂಡೇ ಬದುಕಿದ್ದೇನೆ ಎಂದು ಒಬ್ಬಳು ಅತ್ತಳು. ಆಗ ರೆಗ್ ಎದ್ದು ನಿಂತ. ಇಪ್ಪತ್ತು ವರ್ಷದಿಂದ ಹೊರೇಸನ ಪೂರ್ವಜರನ್ನು ಗೇಲಿ ಮಾಡಿದ ಅದೇ ಬಾಯಿಯಿಂದ ಅವನು ಹೇಳಿದ:

“ನಮ್ಮ ಹತ್ರ ಒಬ್ಬ ಟಾರ್ವೆಲ್ ಇದಾನಲ್ರೋ. ಇಷ್ಟು ದಿನ ನಾವು ಬೇಡ ಬೇಡ ಅಂದ್ರೂ ಅವನು ಹೇಳ್ತಿದ್ದ, ನಾವೇ ಕೇಳ್ಲಿಲ್ಲ.”

ಇಡೀ ಪಬ್ಬು ಹೊರೇಸನ ಕಡೆ ತಿರುಗಿತು. ಅವನ ಮೀಸೆಗೆ ಬಿಯರಿನ ನೊರೆ ಹತ್ತಿತ್ತು. ಅದರಲ್ಲೂ ಒಂದು ಖಾನದಾನಿ ಕಳೆ ಇದೆಯೆಂದು ಒಬ್ಬ ಕಂಡುಹಿಡಿದ. ಮೂಗಂತೂ ಚರ್ಚಿನಲ್ಲಿ ಮಲಗಿರುವ ಸರ್ ಜರ್ವೇಸನ ಕಲ್ಲಿನ ಪ್ರತಿಮೆಯದ್ದೇ ಎಂದು ಇನ್ನೊಬ್ಬ. ಪ್ರತಿಮೆಯ ಮೂಗು ಮುರಿದು ಇನ್ನೂರು ವರ್ಷವಾಗಿದೆ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಮರುದಿನದಿಂದ ಊರು ಅವನನ್ನು ನಿಜವಾಗಿಯೂ ದೊರೆಯಂತೆ ಕಾಣತೊಡಗಿತು. ಕಸಾಯಿ ಅಂಗಡಿಯವನು ಒಳ್ಳೆಯ ತುಂಡನ್ನೇ ಕಡಿದು ಕೊಟ್ಟ. ರೆಗ್ ಅವನ ಗೊಬ್ಬರದ ಗಾಡಿ ನೂಕಿದ. ಹೊರೇಸ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪಟ್ಟಿಗಳ ನಡುವೆ ನಿಧಾನವಾಗಿ ನಡೆಯುತ್ತ, ಬೀಟ್‌ರೂಟ್ ಚೆನ್ನಾಗಿದೆಯೇ ಎಂದು ವಿಚಾರಿಸುವುದನ್ನು ಕಲಿತ. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹೊರೇಸನಿಗೆ ಬಂದದ್ದು ಬರೀ ಕೋಸು, ಆದರೂ ಅವನು ಕೊಡೆ ಹಿಡಿಯುವ ಮಟ್ಟಕ್ಕೆ ಬಂದಿದ್ದ. ಮನೆಯಲ್ಲಿ ಕುರ್ಚಿಯ ಮೇಲೆ ಹತ್ತಿ ನಿಂತು, ವಿನಿಯನ್ನು ಕೆಳಗೆ ಮಂಡಿಯೂರಿಸಿ, ಹಸಿ ಎಲೆ ತಿನ್ನುವುದನ್ನು ಅಭ್ಯಾಸ ಮಾಡಿದ.

“ಮುಖ ಹಾಗೆ ಮಾಡ್ಬೇಡ, ಗಂಟಲಲ್ಲಿ ಸಿಕ್ಕೊಂಡಿರೋ ಥರ ಕಾಣುತ್ತೆ,” ಎಂದಳು ವಿನಿ.

“ಇದು ವಂಶಪಾರಂಪರ್ಯದ ಮುಖ ಕಣೆ,” ಎಂದ ಹೊರೇಸ್. ಗಂಟಲಲ್ಲಿ ನಿಜವಾಗಿಯೂ ಸಿಕ್ಕಿಕೊಂಡಿತ್ತು.

ಕ್ವಿಲ್ಟರ್ ಪುರಾವೆ ಕೇಳಿದರು. ಚರ್ಚಿನ ಮೂಲ ದಾಖಲೆ ಪುಸ್ತಕವನ್ನೇ ತಮ್ಮ ಕಣ್ಣಿಂದ ನೋಡಬೇಕೆಂದರು. ಜೂನ್ ಇಪ್ಪತ್ತಮೂರರ ಮಧ್ಯಾಹ್ನ, ಅಂದರೆ ಕೋಸಿನ ಹಿಂದಿನ ದಿನ, ಚರ್ಚಿನ ಪಕ್ಕದ ಚಿಕ್ಕ ಕೋಣೆಯಲ್ಲಿ ನಾಲ್ವರು ಸೇರಿದರು: ಕ್ವಿಲ್ಟರ್, ಪಾದ್ರಿ ಲೋವೆಟ್, ಹೊರೇಸ್, ಬಾಗಿಲಲ್ಲಿ ಕಾವಲಿಗೆ ರೆಗ್. ಪಾದ್ರಿ ಲೋವೆಟ್ ಕಬ್ಬಿಣದ ಪೆಟ್ಟಿಗೆ ತೆಗೆದು, ಚರ್ಮದ ಹೊದಿಕೆಯ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಇಷ್ಟು ವರ್ಷ ಹೊರೇಸ್ ನೋಡಿದ್ದು ಹಿಂದಿನ ಪಾದ್ರಿಯೊಬ್ಬರು ಹೆಸರುಗಳನ್ನು ಅಕಾರಾದಿಯಾಗಿ ನಕಲು ಮಾಡಿಟ್ಟ ಪಟ್ಟಿಯನ್ನು ಮಾತ್ರ. ಮೂಲ ಪುಸ್ತಕ ಕಂಡದ್ದು ಅಂದೇ.

ಹೊರೇಸ್ ತನ್ನ ವಾದವನ್ನು ಮಂಡಿಸಿದ. ಬಂಗಲೆಯ ಕಿರಿಯ ಮಗ ಥಾಮಸ್ ಟಾರ್ವೆಲ್‌ಗೆ ಜಾನ್ ಎಂಬ ಗಂಡುಕೂಸು. ಸಾವಿರದ ಏಳುನೂರ ಮೂವತ್ತೊಂದು, ಫೆಬ್ರವರಿ ಒಂಬತ್ತಕ್ಕೆ ಅದರ ಸಮಾಧಿ. ಅದೇ ಮೂವತ್ತೊಂದರ ನವೆಂಬರ್ ಇಪ್ಪತ್ತಕ್ಕೆ ಥಾಮಸನ ಮಗ ಜಾನ್‌ಗೆ ನಾಮಕರಣ. ಅಂದರೆ ಮೊದಲ ಜಾನ್ ಸತ್ತ, ಆಮೇಲೆ ಹುಟ್ಟಿದವನಿಗೂ ಅದೇ ಹೆಸರಿಟ್ಟರು. ಆ ಕಾಲದಲ್ಲಿ ಹಾಗೆ ಇಡುವುದು ವಾಡಿಕೆ. ಈ ಎರಡನೆಯ ಜಾನ್ ದೊಡ್ಡವನಾಗಿ, ಸಾವಿರದ ಏಳುನೂರ ಐವತ್ತೈದರಲ್ಲಿ ಮದುವೆಯಾಗಿ, ಹದಿನಾಲ್ಕು ಮಕ್ಕಳನ್ನು ಪಡೆದ. ಅವನೇ ಹೊರೇಸನ ಮೂಲಪುರುಷ.

ಕ್ವಿಲ್ಟರ್ ಎರಡು ದಾಖಲೆಯನ್ನೂ ನೋಡಿದರು. ತಾರೀಖು ಸರಿಯಾಗಿತ್ತು. ಸರಿ ಎಂದು ಪೆನ್ನಿನ ಮುಚ್ಚಳ ತಿರುಗಿಸಿದರು. ರೆಗ್ ಬಾಗಿಲಿಂದಲೇ ಹೊರಗೆ ನಿಂತವರಿಗೆ ಹೆಬ್ಬೆರಳು ತೋರಿಸಿದ.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಹೊರೇಸ್ ಸಂತೋಷಕ್ಕೆ, ಹಳೆಯ ಬರಹದ ಅಂದ ನೋಡಿ ಎಂದು ಪಾದ್ರಿಗೆ ಹೇಳುತ್ತ ಇನ್ನೊಂದು ಹಾಳೆ ತಿರುವಿದ. ಮಾರ್ಚ್ ಇಪ್ಪತ್ತನಾಲ್ಕು, ಮೂವತ್ತೊಂದು ಎಂದು ಒಂದು ಸಾಲು. ಅದರ ಕೆಳಗೆ ದಪ್ಪ ಗೆರೆ. ಗೆರೆಯ ಕೆಳಗೆ ‘ಇಲ್ಲಿಂದ ಸಾವಿರದ ಏಳುನೂರ ಮೂವತ್ತೆರಡು’ ಎಂದು ಬರೆದು, ಮಾರ್ಚ್ ಇಪ್ಪತ್ತೈದರಿಂದ ಮುಂದಿನ ಸಾಲು. ಹೊರೇಸ್ ಗೆರೆಯ ಮೇಲೆ ಬೆರಳಿಟ್ಟ. ಹಿಂದಿನ ಹಾಳೆ ತಿರುವಿದ, ಮತ್ತೆ ಮುಂದಿನ ಹಾಳೆ. ಆ ಕಾಲದಲ್ಲಿ ವರ್ಷ ಶುರುವಾಗುತ್ತಿದ್ದುದು ಜನವರಿಗಲ್ಲ, ಮಾರ್ಚ್ ಇಪ್ಪತ್ತೈದಕ್ಕೆ. ಹಾಗಿದ್ದರೆ ಮೂವತ್ತೊಂದರ ಫೆಬ್ರವರಿ ಬರುವುದು ಮೂವತ್ತೊಂದರ ನವೆಂಬರ್ ಆದ ಮೇಲೆ. ಮೊದಲು ನಾಮಕರಣ, ಆಮೇಲೆ ಸಮಾಧಿ. ನಲವತ್ತು ವರ್ಷ ತಿರುಪು ಎಣಿಸಿದ ಬೆರಳುಗಳು ತಾವಾಗಿಯೇ ಮಡಚಿಕೊಂಡು ಎಣಿಸತೊಡಗಿದವು.

ಪಾದ್ರಿ ಕಿಟಕಿಯ ಆಚೆ ನೋಡುತ್ತಿದ್ದರು. ಕ್ವಿಲ್ಟರ್ ಸಹಿಯ ಮೊದಲ ಅಕ್ಷರ ಬರೆದಾಗಿತ್ತು. ಗೊತ್ತಾದದ್ದು ಹೊರೇಸನಿಗೆ ಒಬ್ಬನಿಗೇ. ಅಂಗಡಿಯಲ್ಲಿ ಅವನು ಡಜನ್ ತಿರುಪಿನ ಪೊಟ್ಟಣಕ್ಕೆ ಹನ್ನೊಂದು ಹಾಕಿದವನಲ್ಲ.

“ಕ್ವಿಲ್ಟರ್ ಅವರೇ, ಪೆನ್ನು ಮುಚ್ಚಿ,” ಎಂದ.

“ಬಾಯಿ ಮುಚ್ಚೋ ಹೊರೇಸ್,” ಎಂದ ರೆಗ್ ಬಾಗಿಲಿಂದ. ವಿಷಯ ಏನೆಂದು ತಿಳಿಯದಿದ್ದರೂ ಅಪಾಯದ ವಾಸನೆ ಅವನಿಗೆ ಬಡಿದಿತ್ತು.

“ಜಾನ್ ಇಬ್ಬರಲ್ಲ, ಒಬ್ಬನೇ. ಎಂಬತ್ತೊಂದು ದಿನ ಬದುಕಿದ್ದ ಪಾಪ. ಅವನಿಗೆ ಮದುವೆ ಮಾಡ್ಸಿದ್ದು ನಾನು. ಹದಿನಾಲ್ಕು ಮಕ್ಕಳನ್ನ ಕೊಟ್ಟಿದ್ದೂ ನಾನೇ.”

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರನ್ನು ಲೋಕ ಕಂಡಿದೆ. ತೊಟ್ಟಿಲಲ್ಲೇ ಸತ್ತ ಕೂಸಿಗೆ ಹದಿನಾಲ್ಕು ಕುಲಾವಿ ಹೊಲಿದವನು ಇವನೊಬ್ಬನೇ. ಪಾದ್ರಿ ಲೋವೆಟ್ ದಯಾಳು. ಹೊರೇಸನಿಗೆ ಬೇರೆ ತಾತನನ್ನಾದರೂ ಹುಡುಕಿಕೊಡೋಣವೆಂದು ಮುಂದಿನ ಹಾಳೆಗಳನ್ನು ತಿರುವಿದರು. ಸಿಕ್ಕಿತು. ಮೂವತ್ತಮೂರನೆಯ ಇಸವಿ, ಮೇ ತಿಂಗಳು: ‘ಜಾನ್, ಟಾರ್ವೆಲ್ ಬಂಗಲೆಯ ಗೇಟಿನ ಬಳಿ ಬುಟ್ಟಿಯಲ್ಲಿ ಸಿಕ್ಕ ಕೂಸು, ಸಿಕ್ಕ ಜಾಗದ ಹೆಸರನ್ನೇ ಇಡಲಾಗಿದೆ.’ ಐವತ್ತೈದರಲ್ಲಿ ಮದುವೆಯಾದವನು ಇವನೇ ಇರಬೇಕು ಎಂದರು.

ಹೀಗೆ ಇಪ್ಪತ್ತು ವರ್ಷದ ಸಂಶೋಧನೆಯ ಫಲವಾಗಿ, ಹೊರೇಸ್ ಟಾರ್ವೆಲ್ ಬಂಗಲೆಯವನಲ್ಲ, ಬಂಗಲೆಯ ಗೇಟಿನವನು ಎಂದು ಸಾಬೀತಾಯಿತು.

ಊರಿಗೆ ಸುದ್ದಿ ಮುಟ್ಟಲು ಐದು ನಿಮಿಷವೂ ಬೇಕಾಗಲಿಲ್ಲ. ರೆಗ್ ಗೊಬ್ಬರದ ಗಾಡಿಯನ್ನು ತಂದು ಹೊರೇಸನ ಬಾಗಿಲಲ್ಲಿ ಗೊಬ್ಬರದ ಸಮೇತ ಮಗುಚಿ ಹೋದ. ಕೊಟ್ಟ ಮಾಂಸ ತಿಂದು ಮುಗಿದಿರದಿದ್ದರೆ ಕಸಾಯಿಯವನು ಅದನ್ನೂ ವಾಪಸು ಕೇಳುತ್ತಿದ್ದ. ಸುಳ್ಳುಗಾರನಾಗಿದ್ದರೆ ಕ್ಷಮಿಸಬಹುದಿತ್ತು, ಸತ್ಯವಂತನನ್ನು ಹೇಗೆ ಕ್ಷಮಿಸುವುದು ಎಂದು ಪಬ್ಬಿನಲ್ಲಿ ಮಾತಾಯಿತು. ಹೊರೇಸ್ ಅಡುಗೆಮನೆಯಲ್ಲಿ, ತನ್ನದಲ್ಲದ ವಂಶವೃಕ್ಷದ ಮೇಲೆ ಕಾಲು ಚಾಚಿ ಕುಳಿತಿದ್ದ. ನಾಳೆ ಮಧ್ಯಾಹ್ನಕ್ಕೆ ನಲವತ್ತೆರಡು ಮನೆಯವರ ನೆಲ ಹೋಗುತ್ತದೆ, ಹೋಗುವುದು ತನ್ನ ನಾಲಿಗೆಯಿಂದ. ವಿನಿ ಟೀ ತಂದಿಟ್ಟಳು.

“ಸರಿಯಾಗೇ ಮಾಡ್ದೆ ನೀನು,” ಎಂದಳು. “ಕೋಸು ಕೊಟ್ಟು ಉಳಿಸ್ಕೊಂಡಿರೋ ನೆಲ, ಮೋಸ ಕೊಟ್ಟು ಉಳಿಸ್ಕೊಳ್ಳೋಕೆ ಆಗುತ್ತಾ?” ಅವನ ಟೀಗೆ ಸಕ್ಕರೆ ಹಾಕಿ ಕಲಕಿ, ಆ ಹಳೆಯ ವರ್ಷ ಮಾರ್ಚಿಗೆ ಶುರುವಾಗುತ್ತಿತ್ತು ಎಂದೆಯಲ್ಲ, ಅದನ್ನು ಇನ್ನೊಂದು ಸಲ ಹೇಳು ಎಂದಳು. ಹೊರೇಸ್ ಹೇಳಿದ. ಆಕೆ ತಲೆಯಾಡಿಸಿ ಪಾತ್ರೆ ತೊಳೆಯಲು ಹೋದಳು.

ಮರುದಿನ ಹನ್ನೊಂದೂವರೆಗೆ ಊರೆಲ್ಲ ಗಡಿಕಲ್ಲಿನ ಸುತ್ತ ಸೇರಿತ್ತು. ಸಾವಿಗೆ ಬಂದವರ ಹಾಗೆ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿದ್ದರು. ಕಂಪನಿಯ ಕಡೆಯಿಂದ ಒಬ್ಬ ತರುಣ ಅಳತೆಯ ಕೋಲುಗಳನ್ನು ತಂದು ರೆಗ್‌ನ ಈರುಳ್ಳಿಯ ನಡುವೆ ಒಂದನ್ನು ಆಗಲೇ ಊರಿದ್ದ. ಕ್ವಿಲ್ಟರ್ ಕೈಗಡಿಯಾರ ನೋಡುತ್ತಿದ್ದರು. ಕಲ್ಲು ಖಾಲಿಯಿತ್ತು. ಆಗ ವಿನಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

“ಕ್ವಿಲ್ಟರ್ ಅವರೇ, ನನ್ನ ಓದು ಅಷ್ಟಕ್ಕಷ್ಟೇ. ಆ ಹಳೇ ಪಂಚಾಂಗ ಬಂದು ನನ್ನ ಗಂಡನ ತಾತನ್ನ ಎತ್ಕೊಂಡು ಹೋಯ್ತು. ಹೋಗ್ಲಿ. ಆದ್ರೆ ಈ ಕೋಸಿನ ಪತ್ರಾನೂ ಅದೇ ಕಾಲದ್ದು ತಾನೆ? ಹಾಗಾದ್ರೆ ಅದರ ನಡುಬೇಸಿಗೆ ಇವತ್ತು ಹೇಗಾಗುತ್ತೆ? ನಮ್ಮಪ್ಪ, ನಮ್ಮಜ್ಜ ಎಲ್ಲ ಹಂದಿ ಹೊಡ್ಕೊಂಡು ಹಳೇ ನಡುಬೇಸಿಗೆ ಸಂತೆಗೆ ಹೋಗ್ತಿದ್ದಿದ್ದು ಜುಲೈ ಐದಕ್ಕೆ. ಸರ್ಕಾರ ದಿನ ನುಂಗಿದ್ರೆ ಹಂದಿಗೇನು ಗೊತ್ತಾಗುತ್ತೆ ಅನ್ನೋರು.”

ಕ್ವಿಲ್ಟರ್ ಕೈಗಡಿಯಾರದಿಂದ ಕಣ್ಣೆತ್ತಿದರು. ನಿಧಾನವಾಗಿ ಅವರ ಕೆನ್ನೆಗೆ ಬಣ್ಣ ಬಂತು. ಐವತ್ತು ವರ್ಷದ ವಕೀಲಿಯಲ್ಲಿ ಇಷ್ಟು ಸೊಗಸಾದ ಆಕ್ಷೇಪಣೆ ಅವರಿಗೆ ಸಿಕ್ಕಿರಲಿಲ್ಲ. ಸಾವಿರದ ಏಳುನೂರ ಐವತ್ತೆರಡರಲ್ಲಿ ಪಂಚಾಂಗ ತಿದ್ದುವಾಗ ಹನ್ನೊಂದು ದಿನಗಳನ್ನು ಕಿತ್ತುಹಾಕಿದ್ದು ನಿಜ. ಅದಕ್ಕೂ ಹಿಂದಿನ ಪತ್ರಗಳ ವಾಯಿದೆ ಹಳೆಯ ದಿನಕ್ಕೇ ನಿಲ್ಲುತ್ತದೆಂದು ವಾದಿಸಬಹುದು. ವಾದಿಸಬಹುದೇನು, ಎದುರು ಪಕ್ಷದವರು ತಾವಾಗಿದ್ದರೆ ತಾವೇ ವಾದಿಸುತ್ತಿದ್ದರು. ಇನ್ನೂರು ವರ್ಷದಿಂದ ಊರು ಕೋಸನ್ನು ಹನ್ನೊಂದು ದಿನ ಮುಂಚೆ ಕೊಡುತ್ತ ಬಂದಿದೆ, ಮುಂಚೆ ಕೊಟ್ಟರೆ ಕಾನೂನಿಗೆ ತಕರಾರಿಲ್ಲ ಎಂದು ಅವರು ಗಂಭೀರವಾಗಿ ಘೋಷಿಸಿದರು. ಕೊನೆಯ ಗಡುವು ಜುಲೈ ಐದು. ಕಂಪನಿಯ ತರುಣ ಕೋಲು ಕಿತ್ತುಕೊಳ್ಳಬೇಕಾಯಿತು. ಅದರ ಜೊತೆ ಎದ್ದು ಬಂದ ಈರುಳ್ಳಿಗೆ ರೆಗ್ ಅವನಿಂದ ಕ್ಷಮಾಪಣೆ ಕೇಳಿಸಿದ.

ಹನ್ನೊಂದು ದಿನ ಸಿಕ್ಕಿತು, ಟಾರ್ವೆಲ್ ಸಿಕ್ಕಿರಲಿಲ್ಲ. ಪತ್ರದಲ್ಲಿರುವುದು ರಕ್ತ, ಹೆಸರಲ್ಲ ಎಂದು ಕ್ವಿಲ್ಟರ್ ಹೋಗುವಾಗ ಗಾಳಿಗೆ ಹೇಳುವಂತೆ ಹೇಳಿ ಹೋಗಿದ್ದರು. ಹೊರೇಸ್ ಆ ಸಂಜೆಯೇ ತನ್ನ ಸುರುಳಿಯನ್ನು ಹೊತ್ತು ಪಬ್ಬಿಗೆ ಹೋಗಿ, ಯಾರೂ ಮಾತಾಡಿಸದಿದ್ದರೂ ನೆಲದ ಮೇಲೆ ಹಾಸಿದ. ಅಲ್ಲಿ ಮೂವತ್ತೊಂದು ಹೆಣ್ಣುಮಕ್ಕಳಿದ್ದರು, ತಾನು ಅಡ್ಡಗೀಟು ಹಾಕಿ ಮುಗಿಸಿದವರು. ಅವರಲ್ಲಿ ಒಬ್ಬಳ ಸಂತಾನವಾದರೂ ಎಲ್ಲೋ ಉಸಿರಾಡುತ್ತಿರಬೇಕು.

ಆಮೇಲೆ ನಡೆದದ್ದನ್ನು ಓಕ್ಸಲ್ ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಾರದು. ತೋಟದ ಮುದುಕರು ತಲೆಗೊಬ್ಬಳಂತೆ ಹೆಣ್ಣುಮಕ್ಕಳನ್ನು ಹಂಚಿಕೊಂಡರು. ಬಸ್ಸು, ಸೈಕಲ್ಲು, ಹಾಲಿನ ಗಾಡಿ ಹಿಡಿದು ಸುತ್ತಲಿನ ಚರ್ಚುಗಳ ಪುಸ್ತಕ ತೆಗೆಸಿದರು. ಸಂಜೆ ಪಬ್ಬಿನಲ್ಲಿ ಕುಳಿತು, ನೂರೈವತ್ತು ವರ್ಷದ ಹಿಂದೆ ಮಣ್ಣಾದವರ ಬಗ್ಗೆ ಸ್ವಂತ ಮಗಳ ಬಗ್ಗೆ ಮಾತಾಡುವಂತೆ ಮಾತಾಡಿದರು. ನಮ್ಮ ಸೋಫಿಯಾ ಕೆನಡಾಕ್ಕೆ ಹೋಗಿಬಿಟ್ಟಳು, ಒಂದು ಕಾಗದವಿಲ್ಲ ಎಂದು ಒಬ್ಬ ಮರುಗಿದ. ನಮ್ಮವಳಿಗೆ ಮೂವರು ಗಂಡಂದಿರು, ಒಬ್ಬನಿಂದಲೂ ಮಕ್ಕಳಿಲ್ಲ ಎಂದು ಇನ್ನೊಬ್ಬ ನಾಚಿದ. ಕಸಾಯಿಯವನ ಪಾಲಿನ ಹ್ಯಾರಿಯೆಟ್ ಅಡುಗೆಯವನೊಂದಿಗೆ ಓಡಿಹೋಗಿದ್ದಳು. ಅವನು ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಗೀಟುಗಳು ಒಂದೊಂದಾಗಿ ನಿಜಕ್ಕೂ ಮುಗಿಯುತ್ತ ಬಂದವು.

ರೆಗ್‌ನ ಪಾಲಿಗೆ ಬಂದವಳು ಕೆಜಾಯಾ. ಬಂಗಲೆಯವರು ತಮ್ಮ ಮನೆತನದ ವಿವರ ಬರೆದಿಟ್ಟ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಅಯೋಗ್ಯ ವಿವಾಹ, ಮಾತು ಬೇಡ’ ಎಂದು ಮಾತ್ರ ಬರೆದಿತ್ತು. ಮಾತು ಬೇಡ ಎಂದರೆ ರೆಗ್‌ಗೆ ತಡೆಯಲಾದೀತೇ? ಹಠ ಹಿಡಿದು ಒಂಬತ್ತು ಚರ್ಚು ಸುತ್ತಿದ. ಜುಲೈ ನಾಲ್ಕರ ಮಧ್ಯಾಹ್ನ, ಸೈಕಲ್ಲನ್ನು ಬೇಲಿಗೆ ಎಸೆದು, ಹೊರೇಸನ ಅಡುಗೆಮನೆಗೆ ನುಗ್ಗಿ, ಟೋಪಿ ತೆಗೆದ. ಹೊರೇಸ್ ಇದೂ ಗೇಲಿ ಎಂದುಕೊಂಡ. ಆದರೆ ರೆಗ್ ಬಗ್ಗಿದ್ದು ಒಲೆಯ ಕಡೆಗೆ. ಒಲೆಯ ಮುಂದೆ ವಿನಿ ಆಲೂಗಡ್ಡೆ ಬೇಯಿಸುತ್ತಿದ್ದಳು.

“ನೀನೂ ತೆಗಿಯೋ ಟೋಪೀನ,” ಎಂದು ಹೊರೇಸನಿಗೆ ಹೇಳಿದ. “ಕೆಜಾಯಾ ಟಾರ್ವೆಲ್, ಸಾವಿರದ ಎಂಟುನೂರ ಹನ್ನೊಂದು, ಚಿಲ್‌ಬ್ರೂಕ್ ಚರ್ಚು. ಮದುವೆ ಆಗಿದ್ದು ಯಾರನ್ನ ಗೊತ್ತಾ? ಹಂದಿ ವ್ಯಾಪಾರಿ ಜೋಬ್ ಸ್ನೆಲ್‌ನ. ವಿನಿಯ ಮುತ್ತಜ್ಜನ ತಾಯಿ ಅವಳು. ಒಂದೊಂದು ತಲೆಮಾರಿಗೂ ಪಾದ್ರಿ ಹತ್ರ ಸಹಿ ಹಾಕಿಸ್ಕೊಂಡು ಬಂದಿದೀನಿ. ತಾರೀಖೆಲ್ಲ ಮೂರು ಮೂರು ಸಲ ನೋಡಿದೀನಿ.”

ಹೊರೇಸ್ ಸಾಲುಗಳನ್ನು ಬೆರಳಿಟ್ಟು ಎಣಿಸಿದ. ಒಂದು ತಿರುಪೂ ಕಡಿಮೆಯಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಇಂಥವರಿಂದಲೇ ಹುಟ್ಟಿರಬೇಕು. ಇಪ್ಪತ್ತು ವರ್ಷ ಅವನು ನೆಲಕ್ಕೆ ಬಗ್ಗಿ ಟಾರ್ವೆಲ್‌ಗಳನ್ನು ಹುಡುಕುತ್ತಿದ್ದಾಗ, ಒಬ್ಬ ಟಾರ್ವೆಲ್ ಅವನ ತಲೆಯ ಮೇಲಿಂದ ಹಾದು ಹೋಗಿ ಟೀ ಮಾಡಿ ತರುತ್ತಿದ್ದಳು.

ವಿನಿ ಒಲೆಯ ಉರಿ ಸಣ್ಣದು ಮಾಡಿದಳು. “ಓ, ಅದಾ? ನಮ್ಮಜ್ಜಿ ಏನೋ ಹೇಳೋಳು. ಅದಕ್ಕೇ ನಮ್ಮನೇಲಿ ಯಾವಾಗ್ಲೂ ಒಂದು ಹೆಣ್ಣು ಹಂದಿಗೆ ಲೇಡಿ ಟಾರ್ವೆಲ್ ಅಂತ ಹೆಸರಿಡೋರು.”

“ಮೂವತ್ತೆಂಟು ವರ್ಷದಲ್ಲಿ ಒಂದು ಸಲ ಹೇಳ್ಬಾರ್ದಿತ್ತಾ?” ಎಂದ ಹೊರೇಸ್.

“ನೀನು ಕೇಳ್ಲಿಲ್ಲ,” ಎಂದಳು ವಿನಿ. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೊರೇಸನಿಗೆ ಅದು ಸಿಟ್ಟಿಗಿಂತ ಜೋರಾಗಿ ತಾಕಿತು. ಅವನು ಟೋಪಿ ತೆಗೆದ.

ಜುಲೈ ಐದರ ಬೆಳಿಗ್ಗೆ ಕ್ವಿಲ್ಟರ್ ಕಾಗದಗಳನ್ನು ಮೂಸಿ ನೋಡುವಷ್ಟು ಹತ್ತಿರ ಹಿಡಿದು ಓದಿ, ಪೆನ್ನು ತೆಗೆದು, ಹೊರೇಸನ ಕಡೆ ಒಮ್ಮೆ ನೋಡಿದರು. ಈ ಸಲ ಅವನು ಹೂಂ ಎಂದು ತಲೆಯಾಡಿಸಿದ. ಸಹಿಯಾಯಿತು. ಕೋಸು ಯಾರದು ಎಂಬ ಪ್ರಶ್ನೆ ಬಂತು. ರೆಗ್ ತನ್ನ ಪಟ್ಟಿಯ ನಿಷ್ಕಳಂಕವಾದ ಕೋಸನ್ನು ತಂದಿದ್ದ. ವಿನಿ ಬೇಡವೆಂದಳು, ಕೊಡುವವನು ಬೆಳೆದದ್ದನ್ನೇ ಕೊಡಲಿ ಎಂದಳು. ಹಬ್ಬಕ್ಕೆ ಹಾಕುವ ನೀಲಿ ಕೋಟು ತೊಟ್ಟು, ಕೈಚೀಲ ಹಿಡಿದುಕೊಂಡೇ ಗಡಿಕಲ್ಲು ಹತ್ತಿ ನಿಂತಳು. ಇಡೀ ಊರು ಗಂಡಸು ಹೆಂಗಸೆನ್ನದೆ ಕಲ್ಲಿನ ಸುತ್ತ ನೆರೆದಿತ್ತು. ಬಟಾಣಿ ಬಳ್ಳಿಯ ವಿಧವೆ ಮುಂದಿನ ಸಾಲಿನಲ್ಲಿದ್ದಳು.

ಹೊರೇಸ್ ಬರಿತಲೆಯಲ್ಲಿ ಮುಂದೆ ಬಂದು ಮಂಡಿಯೂರಿದ. ಇಷ್ಟು ವರ್ಷ ಮಂಡಿಯೂರಿದಾಗೆಲ್ಲ ಮನಸ್ಸು ಕಲ್ಲಿನ ಮೇಲೆ ಇರುತ್ತಿತ್ತು. ಇಂದು ಮೊದಲ ಸಲ, ತಾನಿರುವ ಜಾಗ ಸರಿಯಾಗಿದೆ ಎಂದು ಅನ್ನಿಸಿತು. ಕೋಸನ್ನು ಎತ್ತಿ ಹಿಡಿದ. ವಿನಿ ತೆಗೆದುಕೊಂಡು, ಹೊರಗಿನ ಎಲೆ ಬಿಡಿಸಿ, ಅದರ ಮೇಲಿದ್ದ ಬಸವನಹುಳುವನ್ನು ಬೆರಳಿನಿಂದ ಮೆಲ್ಲಗೆ ತೆಗೆದು ಹುಲ್ಲಿನ ಮೇಲೆ ಬಿಟ್ಟು, ಎಲೆಯನ್ನು ಮುಖ ಕಿವುಚದೆ ಪೂರ್ತಿ ತಿಂದಳು.

“ಚೆನ್ನಾಗಿದೆ,” ಎಂದಳು. “ಸ್ವಲ್ಪ ಉಪ್ಪಿದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಗಂಟೆಯ ಸದ್ದು ಯಾರಿಗೂ ಕೇಳಿಸಲಿಲ್ಲ, ಜನ ಅಷ್ಟು ಗಲಾಟೆ ಮಾಡುತ್ತಿದ್ದರು. ರೆಗ್ ತನ್ನ ನಿಷ್ಕಳಂಕ ಕೋಸನ್ನು ಆಕಾಶಕ್ಕೆ ಎಸೆದ. ಹೊರೇಸನ ಮೊಣಕಾಲು ಹಿಡಿದುಕೊಂಡು ಏಳಲಾಗಲಿಲ್ಲ. ಲೇಡಿ ಟಾರ್ವೆಲ್ ಕಲ್ಲಿನಿಂದ ಇಳಿದು ಬಂದು, ಕೈಚೀಲವನ್ನು ಪಾದ್ರಿಯ ಕೈಗೆ ಕೊಟ್ಟು, ಗಂಡನನ್ನು ಕಂಕುಳಿಗೆ ಕೈಹಾಕಿ ಎತ್ತಿದಳು.

ಆ ಸಂಜೆ ಹೊರೇಸ್ ಸುರುಳಿ ಬಿಚ್ಚಿ, ಕೆಜಾಯಾಳ ಕೆಳಗಿನ ಅಡ್ಡಗೀಟನ್ನು ಬ್ಲೇಡಿನಿಂದ ಕೆರೆದ. ಉದ್ದನೆಯ ಗೆರೆ ಎಳೆದ. ಸ್ನೆಲ್‌ಗಳಿಗೆ ಜಾಗ ಸಾಲದೆ ಇನ್ನೊಂದು ಕಾಗದ ಅಂಟಿಸಬೇಕಾಯಿತು. ಅದು ಹಿಂಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಅದರ ತುದಿಯಲ್ಲಿ, ಸಂಜೆಯ ಬೆಳಕಿನಲ್ಲಿ ನೆಲಕ್ಕೆ ಬಗ್ಗಿ, ಹೆಂಡತಿಯ ಪೂರ್ತಿ ಹೆಸರನ್ನು, ವಿನಿಫ್ರೆಡ್ ಎಂದು, ದಪ್ಪಕ್ಷರದಲ್ಲಿ ಬರೆದ. ಮದುವೆಯಾಗಿ ಬಂದವರಿಗೆ ಹಾಕುವ ಎರಡು ಪುಟ್ಟ ಗೆರೆಗಳನ್ನು ಪಕ್ಕದಲ್ಲಿ ಹಾಕಿ, ಚಿಕ್ಕ ಅಕ್ಷರದಲ್ಲಿ ‘ಹೊರೇಸ್, ಗೇಟಿನವನು’ ಎಂದು ಸೇರಿಸಿದ.

ಈಗ ಹೊರಗಿನವರು ಯಾರಾದರೂ ಅವನ ಹೆಸರು ಕೇಳಿ, ಬಂಗಲೆಯ ಟಾರ್ವೆಲ್‌ಗಳಿಗೆ ನೀವೇನಾದರೂ ಸಂಬಂಧವೇ ಎಂದು ವಿಚಾರಿಸಿದರೆ, ಹೊರೇಸ್ ಟೋಪಿ ತೆಗೆದು, ಎದೆಯುಬ್ಬಿಸಿ, ಒಂದೇ ಮಾತು ಹೇಳುತ್ತಾನೆ:

“ಹೌದು. ಹೆಂಡತಿ ಕಡೆಯಿಂದ.”